ಫೆಬ್ರವರಿ 6, 1888: ಸ್ಟ್ರೌಸ್ ಮನೆಯ ಜೇಬುಗಡಿಯಾರ

2025ರ ನವೆಂಬರ್ 22, ಶನಿವಾರ. ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿ ಡಿವೈಜಸ್ ಅಂತ ಒಂದು ಸಣ್ಣ ಪೇಟೆ ಇದೆ. ಟೈಟಾನಿಕ್ ಹಡಗಿಗೆ ಸೇರಿದ ದೊಡ್ಡ ದೊಡ್ಡ ಸಾಮಾನುಗಳೆಲ್ಲ ಹೆಚ್ಚಾಗಿ ಹರಾಜಾಗುವುದು ಅಲ್ಲಿನ ಹೆನ್ರಿ ಆಲ್ಡ್ರಿಜ್ ಅಂಡ್ ಸನ್ ಕಂಪನಿಯಲ್ಲಿ. ಅವತ್ತು ಅಲ್ಲಿ ಚಿನ್ನದ ಒಂದು ಜೇಬುಗಡಿಯಾರ 17.8 ಲಕ್ಷ ಪೌಂಡಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ 20 ಕೋಟಿ ರೂಪಾಯಿಗೂ ಜಾಸ್ತಿ. ಟೈಟಾನಿಕ್ ವಸ್ತುವಿಗೆ ಅಲ್ಲಿಯವರೆಗೆ ಯಾರೂ ಅಷ್ಟು ಕೊಟ್ಟಿರಲಿಲ್ಲ. ಹಿಂದಿನ ವರ್ಷದ ದಾಖಲೆಯೂ ಗಡಿಯಾರದ್ದೇ. ಬದುಕುಳಿದವರನ್ನು ಹತ್ತಿಸಿಕೊಂಡ ಕಾರ್ಪೇಥಿಯಾ ಹಡಗಿನ ಕ್ಯಾಪ್ಟನ್ ಆರ್ಥರ್ ರೋಸ್ಟ್ರನ್ ಅವರಿಗೆ ಗಂಡನನ್ನು ಕಳೆದುಕೊಂಡ ಮೂವರು ಹೆಂಗಸರು ಕೊಟ್ಟಿದ್ದ ಗಡಿಯಾರ ಅದು. ಅದಕ್ಕೆ 15.6 ಲಕ್ಷ ಪೌಂಡ್ ಬಂದಿತ್ತು.

ಈ ಸಲದ ಗಡಿಯಾರ ಐಸಿಡೋರ್ ಸ್ಟ್ರೌಸ್ ಅವರದ್ದು. ನ್ಯೂಯಾರ್ಕಿನ ಮೇಸೀಸ್ ಎಂಬ ಭಾರಿ ಅಂಗಡಿಯ ಒಡೆಯರಲ್ಲಿ ಒಬ್ಬರು. 1912ರ ಏಪ್ರಿಲ್ 15ರ ನಸುಕಿನಲ್ಲಿ ಹೆಂಡತಿ ಐಡಾ ಜೊತೆ ಟೈಟಾನಿಕ್‌ನಲ್ಲಿ ತೀರಿಕೊಂಡವರು. ಹರಾಜಿನ ಸುದ್ದಿ ಬಂದಾಗ ಎಲ್ಲೆಲ್ಲೂ ಒಂದೇ ಮಾತು: ಹಡಗು ಮುಳುಗಿದ 2:20ಕ್ಕೇ ಮುಳ್ಳು ನಿಂತಿದೆ. ಓದಿದವರ ಮೈ ಜುಮ್ ಅನ್ನುವುದು ಸಹಜ.

ನನಗೆ ಮಾತ್ರ ಆ 2:20ರ ಮೇಲೆ ಅಷ್ಟು ನಂಬಿಕೆ ಇಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ. ಅದೇ ಗಡಿಯಾರದ ಮೇಲೆ ಇನ್ನೊಂದು ದಿನಾಂಕ ಕೆತ್ತಿದೆ: 1888ರ ಫೆಬ್ರವರಿ 6. ಸಮುದ್ರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಈ ಮನೆಯವರ ಕಥೆ ಬೇಕಿದ್ದರೆ ಅಲ್ಲಿಂದ ಶುರು ಮಾಡಬೇಕು ಅನ್ನುವುದು ನನ್ನ ವಾದ.

ಮೊದಲು ವಸ್ತು

ಗಡಿಯಾರ 18 ಕ್ಯಾರೆಟ್ ಚಿನ್ನದ್ದು. ಅಂದರೆ 24ರಲ್ಲಿ 18 ಪಾಲು ಚಿನ್ನ, ಉಳಿದದ್ದು ಬೇರೆ ಲೋಹ. ನಮ್ಮ ಕಡೆ ಒಡವೆಗೆ 22 ಕ್ಯಾರೆಟ್ ಇಲ್ಲದಿದ್ದರೆ ಅಜ್ಜಿಯರು ಮೂಗು ಮುರಿಯುತ್ತಾರೆ. ಆದರೆ ದಿನಾ ಜೇಬಿಗೆ ಹಾಕಿ ತೆಗೆಯುವ ಗಡಿಯಾರದ ಕವಚಕ್ಕೆ ಗಟ್ಟಿ ಚಿನ್ನವೇ ಬೇಕು. 22 ಕ್ಯಾರೆಟ್ ಆದರೆ ಮೆತ್ತಗಾಗಿ ಬೇಗ ತಗ್ಗು ಬೀಳುತ್ತದೆ.

ಮಾಡಿದವರ ಹೆಸರು ಜೂಲ್ಸ್ ಯೂರ್ಗೆನ್ಸನ್. ಇವರದ್ದೂ ಊರು ಬಿಟ್ಟು ಊರಿಗೆ ಬಂದವರ ಮನೆತನವೇ. ಮೂಲ ಡೆನ್ಮಾರ್ಕಿನ ಕೋಪನ್‌ಹೇಗನ್. ಅಪ್ಪ ಉರ್ಬಾನ್ ಯೂರ್ಗೆನ್ಸನ್ ಅಲ್ಲಿ ಹೆಸರಾಂತ ಗಡಿಯಾರ ತಯಾರಕ. ಮಗ ಜೂಲ್ಸ್ ಸ್ವಿಟ್ಜರ್ಲೆಂಡಿನ ಲ ಲೋಕ್ಲ್ ಎಂಬ ಊರಿನಲ್ಲಿ ನೆಲೆ ನಿಂತು ತನ್ನ ಹೆಸರಲ್ಲೇ ಗಡಿಯಾರ ಮಾಡಿದ. ಅಮೆರಿಕದ ಉಳ್ಳವರಲ್ಲಿ ಈ ಹೆಸರಿಗೆ ಭಾರಿ ಮರ್ಯಾದೆ ಇತ್ತು. ಈ ಕಂಪನಿಯ ಗಡಿಯಾರಗಳಲ್ಲಿ ಒಂದು ಚಂದದ ಕೈಚಳಕ ಇರುತ್ತದೆ. ಸರಪಳಿ ಸಿಕ್ಕಿಸುವ ಮೇಲಿನ ಬಳೆಯನ್ನು ಮುಂದಕ್ಕೆ ಬಾಗಿಸಿ ಕೀಲಿ ತಿರುಗಿಸಿದರೆ ಮುಳ್ಳು ಅಲ್ಲಾಡುತ್ತದೆ. ಬಳೆಯನ್ನು ವಾಪಸು ನೆಟ್ಟಗೆ ಮಾಡಿದರೆ ಅದೇ ಕೀಲಿಯಿಂದ ಸ್ಪ್ರಿಂಗ್ ಬಿಗಿಯಾಗುತ್ತದೆ. 1860ರ ದಶಕದ ಉಪಾಯ ಅದು.

ಇಂಥ ಗಡಿಯಾರವನ್ನು ಯಾರೂ ಸುಮ್ನೆ ಟೈಮ್ ನೋಡೋಕೆ ಕೊಳ್ಳುತ್ತಿರಲಿಲ್ಲ. ನಮ್ಮಲ್ಲಿ ಹಿಂದೆ ಅಳಿಯನಿಗೆ ಮಾವನ ಮನೆಯವರು ವಾಚು ಕಟ್ಟುತ್ತಿದ್ದರಲ್ಲ, ಮದುವೆ ಫೋಟೋದಲ್ಲಿ ಆ ಕೈ ಎದ್ದು ಕಾಣುವ ಹಾಗೆ ಕೂರಿಸುತ್ತಿದ್ದರಲ್ಲ, ಹಾಗೆ. ಮನುಷ್ಯ ಒಂದು ಮಟ್ಟಕ್ಕೆ ಬಂದ ಅಂತ ನಾಲ್ಕು ಜನಕ್ಕೆ ತಿಳಿಯಬೇಕು.

ಕೆತ್ತನೆಯ ದಿನ ಐಸಿಡೋರ್ ಅವರ 43ನೇ ಹುಟ್ಟುಹಬ್ಬ. ಹೆಂಡತಿ ಐಡಾ ಕೊಟ್ಟ ಉಡುಗೊರೆ ಎಂಬುದು ಎಲ್ಲರ ನಂಬಿಕೆ. ಸುದ್ದಿಗಳಲ್ಲಿ ಅಷ್ಟಾಗಿ ಕಾಣದ ಒಂದು ಸಂಗತಿ ಇಲ್ಲಿದೆ. ಐಡಾ ಹುಟ್ಟಿದ್ದೂ ಫೆಬ್ರವರಿ 6ರಂದೇ. ಗಂಡ 1845ರಲ್ಲಿ, ಹೆಂಡತಿ 1849ರಲ್ಲಿ. ಅಂದರೆ ತನ್ನದೇ ಹುಟ್ಟುಹಬ್ಬದ ದಿನ ಆಕೆ ಗಂಡನಿಗೆ ಗಡಿಯಾರ ಕೊಟ್ಟರು.

ಮೂಟೆ ಹೊತ್ತ ಅಪ್ಪ

ಜರ್ಮನಿಯ ಪಶ್ಚಿಮಕ್ಕೆ, ಆಗ ಬವೇರಿಯಾದ ಕೈಕೆಳಗಿದ್ದ ಸೀಮೆಯಲ್ಲಿ, ಓಟರ್‌ಬರ್ಗ್ ಅಂತ ಒಂದು ಊರು. ಅಲ್ಲಿ ಲಾಜರಸ್ ಸ್ಟ್ರೌಸ್ ಅವರ ಯಹೂದಿ ಮನೆತನ. ತೀರಾ ಬಡತನ ಏನಿರಲಿಲ್ಲ, ಹೊಲಗದ್ದೆ ಇತ್ತು. 1848ರಲ್ಲಿ ಯುರೋಪಿನ ತುಂಬಾ ಅರಸರ ವಿರುದ್ಧ ದಂಗೆ ಎದ್ದಾಗ ಲಾಜರಸ್ ದಂಗೆಯವರ ಪರ ನಿಂತರು. ದಂಗೆ ಸೋತಿತು. ಆಮೇಲೆ ಊರಲ್ಲಿ ನೆಮ್ಮದಿಯಾಗಿ ಬಾಳುವುದು ಕಷ್ಟವಾಯಿತು. 1852ರಲ್ಲಿ ಒಬ್ಬರೇ ಅಮೆರಿಕದ ಹಡಗು ಹತ್ತಿದರು.

ಹೋಗಿ ಸೇರಿದ್ದು ದಕ್ಷಿಣದ ಜಾರ್ಜಿಯಾ ರಾಜ್ಯವನ್ನು. ಬಂಡಿಯಲ್ಲಿ ಬಟ್ಟೆಬರೆ, ಸಣ್ಣಪುಟ್ಟ ಸಾಮಾನು ಹೇರಿಕೊಂಡು ತೋಟದ ಮನೆಯಿಂದ ತೋಟದ ಮನೆಗೆ ಸುತ್ತುವ ವ್ಯಾಪಾರ. ಆ ಕಾಲಕ್ಕೆ ಜರ್ಮನಿಯಿಂದ ಬಂದ ಎಷ್ಟೋ ಯಹೂದಿಗಳ ಮೊದಲ ಕೆಲಸ ಇದೇ. ಸುತ್ತಾಡುತ್ತಾ ಟಾಲ್ಬಟನ್ ಎಂಬ ಪೇಟೆ ಹಿಡಿಸಿತು. ಅಲ್ಲೇ ಅಂಗಡಿ ಹಾಕಿದರು. 1854ರಲ್ಲಿ ಹೆಂಡತಿ ಸಾರಾ ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಬಂದು ಸೇರಿದರು. ದೊಡ್ಡವನು ಐಸಿಡೋರ್, ಆಗ 9 ವರ್ಷದ ಹುಡುಗ. ಜೊತೆಗೆ ಹರ್ಮೀನ್, ನೇಥನ್, ಆಸ್ಕರ್.

ಆ ಪೇಟೆಗೆ ಇವರೊಂದೇ ಯಹೂದಿ ಮನೆ. ಚೆನ್ನಾಗಿಯೇ ಹೊಂದಿಕೊಂಡರು. ಹೊಂದಿಕೊಳ್ಳುವುದರಲ್ಲಿ ಅಲ್ಲಿನ ಪಾಪವೂ ಸೇರಿತ್ತು. ಸುತ್ತಲಿನ ಉಳ್ಳವರಂತೆ ಇವರ ಮನೆಯಲ್ಲೂ ಕೆಲಸಕ್ಕೆ ಗುಲಾಮರಿದ್ದರು. ಕಿರಿಯ ಮಗ ಆಸ್ಕರ್ ಮುಂದೆ ತಮ್ಮ ಆತ್ಮಕಥೆಯಲ್ಲಿ ಇದನ್ನು ಮುಚ್ಚಿಡದೆ ಬರೆದರು. ಅರಸೊತ್ತಿಗೆ ವಿರೋಧಿಸಿ ದೇಶ ಬಿಟ್ಟವರ ಮನೆಯಲ್ಲೇ ಹೀಗೆ. ವಲಸೆ ಬಂದವರ ಕಥೆಯನ್ನು ಬರೀ ಬೆವರು ಬೆಳಕಿನ ಕಥೆ ಮಾಡಿ ಬರೆಯುವವರು ಈ ಪುಟವನ್ನು ಹಾರಿಸಿಬಿಡುತ್ತಾರೆ. ನನಗೆ ಹಾಗೆ ಹಾರಿಸಲು ಮನಸ್ಸಿಲ್ಲ.

1861ರಲ್ಲಿ ಅಮೆರಿಕದ ಉತ್ತರ ದಕ್ಷಿಣ ರಾಜ್ಯಗಳ ನಡುವೆ ಯುದ್ಧ ಶುರುವಾಯಿತು. ಸಾಮಾನಿನ ಬೆಲೆ ಏರಿತು. ಬೆಲೆ ಏರಿದಾಗ ಬೈಗುಳ ಬೀಳುವುದು ಅಂಗಡಿಯವನಿಗೆ, ಅವನು ಹೊರಗಿನವನಾದರೆ ಇನ್ನೂ ಜಾಸ್ತಿ. 1862ರಲ್ಲಿ ಅಲ್ಲಿನ ಗ್ರ್ಯಾಂಡ್ ಜ್ಯೂರಿ, ಅಂದರೆ ಆರೋಪಗಳನ್ನು ವಿಚಾರಿಸುವ ಊರವರ ಮಂಡಳಿ, ಯಹೂದಿ ವ್ಯಾಪಾರಿಗಳು ದೇಶದ್ರೋಹದ ನಡತೆಯವರು ಅನ್ನುವ ಅರ್ಥದ ಒಂದು ನಿರ್ಣಯ ಬರೆಯಿತು. ಊರಲ್ಲಿದ್ದ ಯಹೂದಿ ಅಂಗಡಿ ಇವರದ್ದೊಂದೇ. ಲಾಜರಸ್ ಜಗಳಕ್ಕೆ ಹೋಗಲಿಲ್ಲ. ಊರು ಬಿಡುತ್ತೇನೆ ಅಂದರು. ಅಷ್ಟಕ್ಕೆ ನಿರ್ಣಯ ಬರೆದ ಆ ಜನವೇ ಮನೆಗೆ ಬಂದು, ನಿಮ್ಮನ್ನು ಮನಸ್ಸಲ್ಲಿಟ್ಟುಕೊಂಡು ಹೇಳಿದ್ದಲ್ಲ, ಇದ್ದುಬಿಡಿ ಅಂತ ಕೇಳಿಕೊಂಡರಂತೆ. "ನಿಮಗಲ್ಲ, ನಿಮ್ಮವರಿಗೆ ಅಂದದ್ದು." ಈ ಮಾತು ಎಲ್ಲ ದೇಶದಲ್ಲೂ ಒಂದೇ ಥರ ಕೇಳಿಸುತ್ತೆ, ಅಲ್ವಾ? ಲಾಜರಸ್ ನಿಲ್ಲಲಿಲ್ಲ. ಕೊಲಂಬಸ್ ಎಂಬ ಪಕ್ಕದ ಪಟ್ಟಣಕ್ಕೆ ಸಂಸಾರ ಕಿತ್ತರು. 1865ರಲ್ಲಿ ಉತ್ತರದ ಸೈನ್ಯ ಬಂದು ಆ ಪಟ್ಟಣಕ್ಕೂ ಬೆಂಕಿ ಇಟ್ಟಿತು.

ಐಸಿಡೋರ್ ಆಗ ಅಲ್ಲಿರಲಿಲ್ಲ. 1863ರಲ್ಲೇ, ಹದಿನೆಂಟರ ವಯಸ್ಸಿಗೆ, ದಕ್ಷಿಣದ ಕಡೆಯವರ ವ್ಯಾಪಾರದ ಕೆಲಸದ ಮೇಲೆ ಯುರೋಪಿಗೆ ಹೋಗಿದ್ದರು. ಯುದ್ಧ ಮುಗಿದ ಮೇಲೆ ವಾಪಸು ಬಂದರು. ಅಷ್ಟೊತ್ತಿಗೆ ಅಪ್ಪನ ತಲೆಯ ಮೇಲೆ ಯುದ್ಧಕ್ಕೆ ಮುಂಚಿನ ಸಾಲ ಇತ್ತು, ಉತ್ತರದ ವ್ಯಾಪಾರಿಗಳಿಗೆ ಕೊಡಬೇಕಾದದ್ದು. ದಕ್ಷಿಣದ ಎಷ್ಟೋ ಜನ ಯುದ್ಧದ ನೆಪ ಹೇಳಿ ಅಂಥ ಸಾಲಕ್ಕೆ ಕೈ ಎತ್ತಿದರು. ಲಾಜರಸ್ ಕೊಡುತ್ತೇನೆ ಅಂದರು, ಕೊಟ್ಟರು. 1866ರಲ್ಲಿ ನ್ಯೂಯಾರ್ಕಿನಲ್ಲಿ ಪಿಂಗಾಣಿ, ಗಾಜಿನ ಸಾಮಾನಿನ ಅಂಗಡಿ ಹಾಕಿದಾಗ ಸರಕು ಕೊಡುವವರು ಹಿಂದೆಮುಂದೆ ನೋಡಲಿಲ್ಲ. ಬಂಡವಾಳ ಅಂದರೆ ಇದು.

1874ರಲ್ಲಿ ಮೇಸೀಸ್ ಅಂಗಡಿಯ ನೆಲಮಾಳಿಗೆಯಲ್ಲಿ ತಟ್ಟೆ ಲೋಟ ಮಾರಲು ಒಂದಿಷ್ಟು ಜಾಗ ಬಾಡಿಗೆಗೆ ಸಿಕ್ಕಿತು. ಮೂಲ ಮಾಲೀಕ ರೋಲಂಡ್ ಮೇಸಿ 1877ರಲ್ಲಿ ತೀರಿಕೊಂಡ. ನೆಲಮಾಳಿಗೆಯವರು ನಿಧಾನಕ್ಕೆ ಮೆಟ್ಟಿಲು ಹತ್ತಿದರು. 1888ರಲ್ಲಿ ಐಸಿಡೋರ್ ಮತ್ತು ತಮ್ಮ ನೇಥನ್ ಇಡೀ ಅಂಗಡಿಗೆ ಪಾಲುದಾರರಾದರು. 1896ಕ್ಕೆ ಪೂರ್ತಿ ಇವರದ್ದೇ ಆಯಿತು. 1902ರಲ್ಲಿ ಹೆರಾಲ್ಡ್ ಸ್ಕ್ವೇರ್‌ನ ಇವತ್ತಿನ ಜಾಗಕ್ಕೆ ಅಂಗಡಿ ಬಂತು.

ಈಗ ಕೆತ್ತನೆಯ ವರ್ಷವನ್ನು ಇನ್ನೊಂದು ಸಲ ನೋಡಿ. 1888. ಬಂಡಿ ತಳ್ಳಿದವರ ಮಗ ನ್ಯೂಯಾರ್ಕಿನ ದೊಡ್ಡ ಅಂಗಡಿಯೊಂದರ ಪಾಲುದಾರನಾದ ವರ್ಷ. ಐಡಾ ಕೂಡ ಜರ್ಮನಿಯ ವೋರ್ಮ್ಸ್ ಊರಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರು. 1871ರಲ್ಲಿ ಮದುವೆ. ಏಳು ಮಕ್ಕಳಾಗಿ, ಒಂದು ಕೂಸಿನಲ್ಲೇ ಹೋಗಿ, ಆರು ಉಳಿದಿದ್ದವು. ಬಂದ ಊರಲ್ಲಿ ಬೇರು ಬಿಟ್ಟೆವು ಅಂತ ಇಬ್ಬರಿಗೂ ಅನಿಸಿದ ಗಳಿಗೆ ಯಾವುದಾದರೂ ಇದ್ದರೆ ಅದು ಆ ವರ್ಷವೇ. ಗಡಿಯಾರ ಅದರ ಗುರುತು.

ಇನ್ನಿಬ್ಬರು ತಮ್ಮಂದಿರ ಬಗ್ಗೆ ಎರಡು ಮಾತು. ನೇಥನ್ ಕಾಯಿಸಿ ಶುದ್ಧ ಮಾಡಿದ ಹಾಲನ್ನು ಬಡ ಮಕ್ಕಳಿಗೆ ಕೊಡಲು 1893ರಿಂದ ನ್ಯೂಯಾರ್ಕಿನಲ್ಲಿ ಹಾಲಿನ ಕೇಂದ್ರ ತೆರೆದರು. ಇಸ್ರೇಲಿನ ನೆತಾನ್ಯ ಪಟ್ಟಣಕ್ಕೆ ಇವರದ್ದೇ ಹೆಸರು. ಆಸ್ಕರ್ 1906ರಲ್ಲಿ ಅಮೆರಿಕದ ವಾಣಿಜ್ಯ ಮತ್ತು ಕಾರ್ಮಿಕ ಖಾತೆಯ ಮಂತ್ರಿಯಾದರು. ಅಲ್ಲಿನ ಮಂತ್ರಿಮಂಡಲದಲ್ಲಿ ಕೂತ ಮೊದಲ ಯಹೂದಿ ಅವರು. ತಮಾಷೆ ಏನು ಗೊತ್ತಾ? ಹೊರದೇಶದಿಂದ ಬರುವವರನ್ನು ಒಳಗೆ ಬಿಡಬೇಕೋ ಬೇಡವೋ ಅಂತ ನೋಡುವ ಇಲಾಖೆಯೂ ಆಗ ಅದೇ ಖಾತೆಯಲ್ಲಿತ್ತು. ಅಮ್ಮನ ಸೆರಗು ಹಿಡಿದು ಹಡಗು ಇಳಿದ ಮಗು ಆ ಬಾಗಿಲಿಗೇ ಯಜಮಾನನಾಯಿತು.

ಆ ರಾತ್ರಿ

ಟೈಟಾನಿಕ್ ಕಥೆ ಎಲ್ಲರಿಗೂ ಗೊತ್ತು. ಬೇಕಾದಷ್ಟೇ ಹೇಳುತ್ತೇನೆ.

1912ರ ಚಳಿಗಾಲವನ್ನು ಯುರೋಪಿನಲ್ಲಿ ಕಳೆದು ದಂಪತಿ ಮನೆಗೆ ಹೊರಟಿದ್ದರು. ಗಂಡನಿಗೆ 67, ಹೆಂಡತಿಗೆ 63. ಜೊತೆಯಲ್ಲಿ ಐಸಿಡೋರ್ ಅವರ ಕೆಲಸದಾಳು ಜಾನ್ ಫಾರ್ಥಿಂಗ್, ಐಡಾ ಅವರಿಗೆ ಹೊಸದಾಗಿ ಸೇರಿದ್ದ ಸೇವಕಿ ಎಲೆನ್ ಬರ್ಡ್. ಹಿರಿಯ ಮಗ ಜೆಸ್ಸಿ ಅದೇ ಹೊತ್ತಿಗೆ ಅಮೆರಿಕಾ ಎಂಬ ಜರ್ಮನ್ ಹಡಗಿನಲ್ಲಿ ಎದುರು ದಿಕ್ಕಿಗೆ, ಯುರೋಪಿನ ಕಡೆಗೆ ಹೊರಟಿದ್ದರು. ಏಪ್ರಿಲ್ 14ರಂದು ದಾರಿಯಲ್ಲಿ ಮಂಜುಗಡ್ಡೆ ಇದೆ ಅಂತ ಟೈಟಾನಿಕ್ ಮೂಲಕ ಸಂದೇಶ ಕಳಿಸಿದ ಹಡಗುಗಳಲ್ಲಿ ಮಗ ಕೂತಿದ್ದ ಆ ಹಡಗೂ ಒಂದು.

ಡಿಕ್ಕಿ ಆದ ಮೇಲೆ ಐಡಾ ಅವರನ್ನು 8ನೇ ನಂಬರಿನ ದೋಣಿಗೆ ಕರೆದರು. ವಯಸ್ಸಾದವರು, ನೀವೂ ಹತ್ತಿ ಅಂತ ಐಸಿಡೋರ್ ಅವರಿಗೂ ಹೇಳಿದರು. ಬೇರೆ ಗಂಡಸರಿಗಿಂತ ಮೊದಲು ನಾನು ಹತ್ತುವುದಿಲ್ಲ ಅಂದರು ಅವರು. ಅವರನ್ನು ಬಿಟ್ಟು ನಾನು ಹೋಗುವುದಿಲ್ಲ ಅಂದರು ಇವರು. ಐಡಾ ತಮ್ಮ ತುಪ್ಪಳದ ಕೋಟನ್ನು ಎಲೆನ್ ಬರ್ಡ್‌ಗೆ ಹೊದಿಸಿ ದೋಣಿಗೆ ಕಳಿಸಿದರು. ಬದುಕುಳಿದವರು ಬಂದು ಹೇಳಿದ ಮಾತಿದು. ಒಬ್ಬರಲ್ಲ, ಬೇರೆ ಬೇರೆ ಜನ ಹೇಳಿದ್ದು ಹೆಚ್ಚುಕಮ್ಮಿ ಒಂದೇ ಥರ ಇದೆ.

ಆಮೇಲೆ ಐಡಾ ಸಿಗಲೇ ಇಲ್ಲ.

ನಂಬರ್ 96

ಇಲ್ಲಿಂದ ಮುಂದೆ ಪ್ರಕರಣ ಒಂದು ಪಟ್ಟಿಯ ಮೇಲೆ ನಿಂತಿದೆ. ಹಳೆಯ ವಸ್ತುಗಳ ಬಗ್ಗೆ ಆಸಕ್ತಿ ಇರುವವರು ಈ ಭಾಗವನ್ನು ನಿಧಾನಕ್ಕೆ ಓದಬೇಕು.

ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಿಂದ ಏಪ್ರಿಲ್ 17ರಂದು ಮೆಕೇ ಬೆನೆಟ್ ಎಂಬ ಹಡಗು ಹೊರಟಿತು. ಸಮುದ್ರದಡಿ ತಂತಿ ಎಳೆಯುವ ಹಡಗು ಅದು. ಬಾಡಿಗೆಗೆ ಹಿಡಿದು ಹೆಣ ಹುಡುಕಲು ಕಳಿಸಿದ್ದು. 306 ಶವ ಸಿಕ್ಕವು. ಅಷ್ಟು ಸಿಗುತ್ತವೆ ಅಂತ ಯಾರೂ ಎಣಿಸಿರಲಿಲ್ಲ. ತಂದ ಶವಪೆಟ್ಟಿಗೆಗಳು ಸಾಲಲಿಲ್ಲ, ಕೆಡದಂತೆ ಇಡುವ ಮದ್ದೂ ಸಾಲಲಿಲ್ಲ. ಆಗ ಅಲ್ಲೂ ದರ್ಜೆ ನೋಡಿದರು. ಮೊದಲ ದರ್ಜೆಯವರಿಗೆ ಪೆಟ್ಟಿಗೆ. ಉಳಿದವರಿಗೆ ಗೋಣಿಯಂಥ ದಪ್ಪ ಬಟ್ಟೆ. 116 ಜನರನ್ನು ಮತ್ತೆ ಸಮುದ್ರಕ್ಕೇ ಇಳಿಸಿದರು. ಅವರಲ್ಲಿ ಹೆಚ್ಚಿನವರು ಮೂರನೇ ದರ್ಜೆಯವರು ಮತ್ತು ಹಡಗಿನ ಕೆಲಸಗಾರರು.

ಹ್ಯಾಲಿಫ್ಯಾಕ್ಸ್‌ನ ಅಧಿಕಾರಿ ಜಾನ್ ಹೆನ್ರಿ ಬಾರ್ನ್‌ಸ್ಟೆಡ್ ಒಂದು ಸರಳ ಪದ್ಧತಿ ಹಾಕಿಕೊಟ್ಟಿದ್ದರು. ಸಿಕ್ಕ ಪ್ರತಿ ದೇಹಕ್ಕೂ ಒಂದು ನಂಬರ್. ಅವರ ಮೈಮೇಲೆ, ಜೇಬಿನಲ್ಲಿ ಸಿಕ್ಕಿದ್ದನ್ನೆಲ್ಲ ಒಂದು ಸಣ್ಣ ಕ್ಯಾನ್ವಾಸ್ ಚೀಲಕ್ಕೆ ಹಾಕಿ ಅದರ ಮೇಲೂ ಅದೇ ನಂಬರ್. ಪುಸ್ತಕದಲ್ಲಿ ಅದೇ ನಂಬರಿನ ಮುಂದೆ ಎಲ್ಲದರ ವಿವರ. ಅಷ್ಟೇ. ಐದು ವರ್ಷ ಕಳೆದು ಅದೇ ಊರಿನ ಬಂದರಿನಲ್ಲಿ ಭಾರಿ ಸ್ಫೋಟವಾದಾಗಲೂ ಇದೇ ಪದ್ಧತಿ ಕೈ ಹಿಡಿಯಿತು.

ಐಸಿಡೋರ್ ಅವರ ನಂಬರ್ 96. ಪಟ್ಟಿಯ ವಿವರ ಹೀಗಿದೆ. ವಯಸ್ಸು ಅಂದಾಜು 65. ಮುಂದಿನ ಒಂದು ಹಲ್ಲಿಗೆ ಚಿನ್ನ. ನರೆತ ಕೂದಲು, ನರೆತ ಮೀಸೆ. ಒಳಗೆ ತುಪ್ಪಳ ಹೊಲಿದ ಮೇಲಂಗಿ. ಬೂದು ಬಣ್ಣದ ಪ್ಯಾಂಟು, ಕೋಟು, ವೇಸ್ಟ್ ಕೋಟು. ಪಟ್ಟೆ ಅಂಗಿ, ಕಂದು ಬೂಟು, ಕಪ್ಪು ರೇಷ್ಮೆ ಕಾಲುಚೀಲ. ಸಿಕ್ಕಿದ್ದು: ಹಣದ ಚೀಲ, ಚಿನ್ನದ ಗಡಿಯಾರ, ಪ್ಲಾಟಿನಂ ಮತ್ತು ಮುತ್ತಿನ ಸರಪಳಿ, ಪೆನ್ಸಿಲ್ ಇಡುವ ಚಿನ್ನದ ಕೊಳವೆ, ಬೆಳ್ಳಿಯ ಫ್ಲಾಸ್ಕ್, ಬೆಳ್ಳಿಯ ಸಾಲ್ಟ್ಸ್ ಸೀಸೆ, ನೋಟಿನಲ್ಲಿ 40 ಪೌಂಡ್, ಬೆಳ್ಳಿ ನಾಣ್ಯದಲ್ಲಿ 4 ಪೌಂಡ್ 2 ಶಿಲಿಂಗ್ 3 ಪೆನ್ಸ್.

ಆ ಸಾಲ್ಟ್ಸ್ ಸೀಸೆ ಅಂದರೆ ತಲೆ ಸುತ್ತಿ ಬಂದಾಗ ಮೂಸುವ ಘಾಟಿನ ಲವಣದ ಸಣ್ಣ ಸೀಸೆ. ಆ ಕಾಲದಲ್ಲಿ ಹೆಚ್ಚಾಗಿ ಹೆಂಗಸರು ಇಟ್ಟುಕೊಳ್ಳುತ್ತಿದ್ದದ್ದು. ಐಡಾ ಅವರದ್ದಿರಬೇಕು, ಇವರು ಜೇಬಿಗೆ ಹಾಕಿಕೊಂಡಿರಬೇಕು ಅಂತ ನನ್ನ ಊಹೆ. ಊಹೆ ಮಾತ್ರ. ಆದರೂ ಪಟ್ಟಿ ಓದುವಾಗ ಗಡಿಯಾರ ಬಿಟ್ಟು ಕಣ್ಣು ಅಲ್ಲೇ ಹೋಗಿ ನಿಲ್ಲುತ್ತದೆ.

ಇನ್ನು ಗಡಿಯಾರಕ್ಕೆ ಬರೋಣ. ಪಟ್ಟಿಯಲ್ಲಿರುವುದು "ಚಿನ್ನದ ಗಡಿಯಾರ" ಅಂತ ಎರಡೇ ಪದ. ಕಂಪನಿ ಹೆಸರಿಲ್ಲ, ಅಕ್ಷರದ ಕೆತ್ತನೆಯ ಮಾತಿಲ್ಲ, ದಿನಾಂಕ ಇಲ್ಲ, ಎಷ್ಟು ಗಂಟೆಗೆ ನಿಂತಿತ್ತು ಅನ್ನುವುದಂತೂ ಇಲ್ಲವೇ ಇಲ್ಲ. ಒಲೆಗೆ ಮೂರು ಕಲ್ಲು ಬೇಕು ಅಂತಾರಲ್ಲ, ಈ ವಸ್ತುವಿನ ಗುರುತೂ ಮೂರು ಕಲ್ಲಿನ ಮೇಲೆ ಕೂತಿದೆ. ಪಟ್ಟಿ ಒಂದು ಕಲ್ಲು. ಗಡಿಯಾರದ ಮೈಮೇಲಿನ ಕೆತ್ತನೆ ಎರಡನೆಯದು. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳ ಕೈಯಲ್ಲೇ ಉಳಿದು ಬಂದದ್ದು ಮೂರನೆಯದು. ಒಂದೊಂದನ್ನೇ ನೋಡಿದರೆ ಯಾವುದೂ ಸಾಲದು. ಚಿನ್ನದ ಗಡಿಯಾರ ಆ ರಾತ್ರಿ ಎಷ್ಟೋ ಜನರ ಜೇಬಿನಲ್ಲಿತ್ತು. ಮೂರೂ ಸೇರಿದಾಗ ಗುರುತು ಗಟ್ಟಿ.

2:20ರ ಲೆಕ್ಕ

ಹರಾಜಿನ ಸುದ್ದಿಯಲ್ಲೇ ಇನ್ನೊಂದು ಸಾಲು ಇತ್ತು. ಐಸಿಡೋರ್ ಅವರ ಮರಿಮಗ ಗಡಿಯಾರದ ಒಳಗಿನ ಯಂತ್ರವನ್ನು ರಿಪೇರಿ ಮಾಡಿಸಿದ್ದರು ಅಂತ. ತಲೆಬರಹದಲ್ಲಿ 2:20, ಕೆಳಗೆ ರಿಪೇರಿ. ಎರಡನ್ನೂ ಒಟ್ಟಿಗೆ ಓದಿ ನೋಡಿ. ಒಮ್ಮೆ ಬಿಚ್ಚಿ, ತೊಳೆದು, ಮತ್ತೆ ಓಡುವ ಹಾಗೆ ಮಾಡಿದ ಗಡಿಯಾರದಲ್ಲಿ ಮುಳ್ಳು ಎಲ್ಲಿ ನಿಂತಿದೆಯೋ ಅದು ಯಾರೋ ನಿಲ್ಲಿಸಿದ ಜಾಗ. ಮುಂಚೆ ಅಲ್ಲೇ ಇದ್ದಿರಬಹುದು, ಅದನ್ನೇ ನೆನಪಿಟ್ಟು ಮತ್ತೆ ಅಲ್ಲಿಗೇ ತಂದಿರಬಹುದು. ಆದರೆ ಅದು ಮನೆಯವರ ನೆನಪಾಯಿತು, ಸಮುದ್ರದ ಸಾಕ್ಷಿ ಆಗಲಿಲ್ಲ.

ರಿಪೇರಿಯ ಮಾತು ಬಿಟ್ಟರೂ ಮುಳ್ಳಿನ ಗಂಟೆಯನ್ನು ಹಾಗೇ ನಂಬಲಿಕ್ಕಾಗದು. ಆ ಕಾಲದ ಜೇಬುಗಡಿಯಾರದ ಜೀವ ಇರುವುದು ಹಿಂದೆ ಮುಂದೆ ಆಡುವ ಒಂದು ಪುಟ್ಟ ಚಕ್ರದಲ್ಲಿ. ಅದು ಸಾಮಾನ್ಯವಾಗಿ ಸೆಕೆಂಡಿಗೆ ಐದು ಸಲ ಬಡಿಯುತ್ತದೆ. ಕೂದಲೆಳೆಯಂಥ ಸ್ಪ್ರಿಂಗ್ ಅದನ್ನು ಎಳೆದು ಬಿಡುತ್ತದೆ. ನೀರು ಒಳಗೆ ಹೊಕ್ಕರೆ ಚಕ್ರದ ಆಟ ನಿಲ್ಲುತ್ತದೆ. ಆದರೆ ನೀರು ಹೊಗುವ ಗಳಿಗೆ ಒಬ್ಬೊಬ್ಬರಿಗೆ ಒಂದೊಂದು. ಮುಚ್ಚಳ ಎಷ್ಟು ಬಿಗಿ, ಯಾವ ಜೇಬಿನಲ್ಲಿತ್ತು, ಮೇಲೆ ಎಷ್ಟು ಪದರ ಬಟ್ಟೆ, ಮನುಷ್ಯ ಯಾವಾಗ ನೀರಿಗೆ ಬಿದ್ದ, ಎಲ್ಲದರ ಮೇಲೂ ಹೋಗುತ್ತದೆ. ಜೊತೆಗೆ ಪಶ್ಚಿಮಕ್ಕೆ ಹೋಗುವ ಹಡಗಿನಲ್ಲಿ ದಿನವೂ ರಾತ್ರಿ ಗಡಿಯಾರ ಹಿಂದಕ್ಕೆ ತಿರುಗಿಸಬೇಕು. ಕೆಲವರು ತಿರುಗಿಸುತ್ತಾರೆ, ಕೆಲವರು ಬೆಳಿಗ್ಗೆ ನೋಡಿಕೊಂಡರಾಯ್ತು ಅಂತ ಮಲಗುತ್ತಾರೆ.

ಗ್ರೀನಿಚ್‌ನ ಕಡಲ ವಸ್ತು ಸಂಗ್ರಹಾಲಯದಲ್ಲಿ ರಾಬರ್ಟ್ ಡಗ್ಲಸ್ ನಾರ್ಮನ್ ಎಂಬ ಎರಡನೇ ದರ್ಜೆಯ ಪ್ರಯಾಣಿಕನ ಗಡಿಯಾರ ಇದೆ. ಅದು ನಿಂತಿರುವುದು 3:07ಕ್ಕೆ. ಹಡಗು ಮುಳುಗಿ ಮುಕ್ಕಾಲು ಗಂಟೆಯ ಮೇಲಾಗಿತ್ತು. ಆತ ಅಷ್ಟು ಹೊತ್ತು ನೀರಿನಲ್ಲಿ ತೇಲುತ್ತಿದ್ದ ಅಂತಲೂ ಕಥೆ ಕಟ್ಟಬಹುದು, ಹಡಗಿನ ಟೈಮಿಗೆ ಮುಳ್ಳು ತಿರುಗಿಸಿರಲಿಲ್ಲ ಅಂತಲೂ ಹೇಳಬಹುದು. ಎರಡನೆಯದೇ ಸರಳ ಉತ್ತರ. ಸರಿಯಾಗಿ 2:20ಕ್ಕೆ ನಿಂತ ಗಡಿಯಾರಕ್ಕೆ ಇರುವ ಸೊಗಸು 3:07ಕ್ಕೆ ಇಲ್ಲ, ಅಷ್ಟೇ.

ಹಾಗಂತ ಹರಾಜಿನವರು ಸುಳ್ಳು ಹೇಳಿದರು ಅಂತ ನಾನು ಹೇಳುತ್ತಿಲ್ಲ. ಗಡಿಯಾರ ನಿಜವಾದದ್ದು, ಮನೆತನ ನಿಜವಾದದ್ದು. ನಾವು ಓದುವವರು ಮುಳ್ಳಿನ ಕಡೆ ನೋಡುತ್ತಾ ಕೆತ್ತನೆಯನ್ನು ಬಿಟ್ಟುಬಿಟ್ಟೆವು ಅನ್ನುವುದಷ್ಟೇ ನನ್ನ ತಕರಾರು.

ಅದೇ ನೀರಿನಿಂದ ಇನ್ನೊಂದು

ಒಂದು ಹೋಲಿಕೆ ಇಲ್ಲದೆ ಈ ಪ್ರಕರಣ ಪೂರ್ತಿ ಆಗುವುದಿಲ್ಲ.

ಅದೇ ಹಡಗಿನ ಎರಡನೇ ದರ್ಜೆಯಲ್ಲಿ ಸಿನಾಯ್ ಕ್ಯಾಂಟರ್ ಎಂಬ 34ರ ಯುವಕ, ಹೆಂಡತಿ ಮಿರಿಯಂ ಜೊತೆ ಹೊರಟಿದ್ದ. ಊರು ವಿಟೆಬ್ಸ್ಕ್. ಆಗ ರಷ್ಯಾ, ಈಗ ಬೆಲಾರೂಸ್. ಇವರೂ ಯಹೂದಿಗಳು. ಟಿಕೆಟ್ಟು 26 ಪೌಂಡ್. ಪೆಟ್ಟಿಗೆಗಳಲ್ಲಿ ತುಪ್ಪಳ ತುಂಬಿಕೊಂಡು ಹೊರಟಿದ್ದರು. ನ್ಯೂಯಾರ್ಕಿನಲ್ಲಿ ಅದನ್ನು ಮಾರಿ, ಬಂದ ಹಣದಲ್ಲಿ ಡಾಕ್ಟರಿಕೆ ಮತ್ತು ಹಲ್ಲಿನ ವೈದ್ಯಕೀಯ ಓದುವ ಲೆಕ್ಕಾಚಾರ. ಅರವತ್ತು ವರ್ಷದ ಹಿಂದೆ ಲಾಜರಸ್ ಬಂಡಿಯಲ್ಲಿ ಸಾಮಾನು ಹೇರಿಕೊಂಡ ಹಾಗೆಯೇ ಇದೂ ಒಂದು ಶುರುವಾತು. ಮಿರಿಯಂ ದೋಣಿ ಹತ್ತಿ ಉಳಿದಳು. ಸಿನಾಯ್ ಉಳಿಯಲಿಲ್ಲ. ಅವನ ನಂಬರ್ 283.

ಅವನ ಜೇಬಿನಲ್ಲೂ ಒಂದು ಗಡಿಯಾರ ಇತ್ತು. ಸ್ವಿಸ್ ಯಂತ್ರ. ಹಿತ್ತಾಳೆಗೆ ಬೆಳ್ಳಿ ಲೇಪ ಕೊಟ್ಟ ಕವಚ. ಹಿಂಬದಿಯಲ್ಲಿ ಹತ್ತು ಕಟ್ಟಳೆಗಳ ಹಲಗೆ ಹಿಡಿದ, ಯಹೂದಿಗಳ ಪ್ರವಾದಿ ಮೋಸೆಯ ಉಬ್ಬುಚಿತ್ರ. ಮುಖದ ಮೇಲೆ ಅಂಕಿಗಳ ಬದಲು ಹೀಬ್ರೂ ಅಕ್ಷರ. ಹೀಬ್ರೂವಿನಲ್ಲಿ ಅಕ್ಷರಗಳೇ ಅಂಕಿಯೂ ಹೌದು. ಮೊದಲ ಅಕ್ಷರ ಅಲೆಫ್ ಅಂದರೆ ಒಂದು, ಯೋದ್ ಅಂದರೆ ಹತ್ತು, ಎರಡೂ ಸೇರಿದರೆ ಹನ್ನೊಂದು. ನಮ್ಮಲ್ಲಿ ಕನ್ನಡ ಅಂಕಿಯ ಗಡಿಯಾರ ಹುಡುಕಿ ಕಟ್ಟಿಕೊಳ್ಳುವವರಿಗೆ ಇದರ ಸುಖ ಗೊತ್ತಾಗುತ್ತದೆ.

ಇದನ್ನು ಯಾರೂ ರಿಪೇರಿ ಮಾಡಿಸಲಿಲ್ಲ. ಉಪ್ಪು ನೀರಿನ ಕಲೆ, ಒಳಗೆ ಹಿಡಿದ ತುಕ್ಕು ಹಾಗೇ ಇವೆ. 2018ರ ಆಗಸ್ಟಿನಲ್ಲಿ ಅಮೆರಿಕದ ಹೆರಿಟೇಜ್ ಹರಾಜಿನಲ್ಲಿ ಇದು 57,500 ಡಾಲರಿಗೆ ಹೋಯಿತು. ಸ್ಟ್ರೌಸ್ ಗಡಿಯಾರದ ಬೆಲೆಯ ಪಕ್ಕ ಇಟ್ಟರೆ ಏನೂ ಅಲ್ಲ. ಸಮುದ್ರದ ಸಾಕ್ಷಿ ಬೇಕು ಅನ್ನುವವರಿಗೆ ಮಾತ್ರ ಇದೇ ಹೆಚ್ಚು ಪ್ರಾಮಾಣಿಕ ವಸ್ತು ಅಂತ ನನಗನಿಸುತ್ತದೆ. ಮುಟ್ಟಿಲ್ಲ, ತಿದ್ದಿಲ್ಲ.

ಬೆಲೆಯ ಈ ಅಂತರಕ್ಕೆ ಚಿನ್ನ ಕಾರಣ ಅಲ್ಲ. ಸ್ಟ್ರೌಸ್ ಗಡಿಯಾರವನ್ನು ಕರಗಿಸಿ ಚಿನಿವಾರರಿಗೆ ಕೊಟ್ಟರೆ ಬರುವ ದುಡ್ಡು ಆ 20 ಕೋಟಿಯಲ್ಲಿ ಚಿಲ್ಲರೆ. ಜನ ಕೊಟ್ಟದ್ದು ಆ ಗಂಡ ಹೆಂಡತಿಯ ಕಥೆಗೆ. ನ್ಯೂಯಾರ್ಕಿನಲ್ಲಿ ಅವರ ಮನೆಯ ಹತ್ತಿರ, 106ನೇ ಬೀದಿಯಲ್ಲಿ, ಅವರ ಹೆಸರಿನ ಪಾರ್ಕ್ ಇದೆ. 1915ರ ಏಪ್ರಿಲ್ 15ಕ್ಕೆ ತೆರೆದದ್ದು. ಐಸಿಡೋರ್ ಅವರ ದೇಹವನ್ನು ಮೊದಲು ಬ್ರೂಕ್ಲಿನ್‌ನಲ್ಲಿ ಮಣ್ಣು ಮಾಡಿ, 1928ರಲ್ಲಿ ಬ್ರಾಂಕ್ಸ್‌ನ ವುಡ್‌ಲಾನ್ ಸ್ಮಶಾನಕ್ಕೆ ತಂದರು. ಅಲ್ಲಿ ಐಡಾ ಹೆಸರೂ ಇದೆ, ದೇಹ ಇಲ್ಲ. ಕ್ಯಾಂಟರ್‌ಗೆ ಪಾರ್ಕ್ ಇಲ್ಲ. ಅವನ ಗೋರಿ ಕ್ವೀನ್ಸ್‌ನಲ್ಲಿ. ಅವನು ತಲುಪಬೇಕಿದ್ದ ಊರು ಅದೇ.

ಐಡಾ ಹೊದಿಸಿದ ಆ ತುಪ್ಪಳದ ಕೋಟಿನ ಮಾತು ಒಂದು ಬಾಕಿ ಇದೆ. ಎಲೆನ್ ಬರ್ಡ್ ನ್ಯೂಯಾರ್ಕ್ ತಲುಪಿದ ಮೇಲೆ ಅದನ್ನು ವಾಪಸು ಕೊಡಲು ದಂಪತಿಯ ದೊಡ್ಡ ಮಗಳ ಹತ್ತಿರ ಹೋದಳು. ಅಜ್ಜಿಯ ಹೆಸರನ್ನೇ ಇಟ್ಟಿದ್ದ ಸಾರಾ. ಸಾರಾ ಮುಟ್ಟಲಿಲ್ಲ. ಅಮ್ಮ ಅದನ್ನು ನಿನಗೆ ಅಂತ ಕೊಟ್ಟದ್ದು, ನೀನೇ ಇಟ್ಟುಕೋ ಅಂದರಂತೆ.